ದಿನನಿತ್ಯದ ಕೆಲಸದಲ್ಲಿ ಅಧ್ಯಾತ್ಮದ ಅರ್ಥ ಕಾಣುವುದು ಹೇಗೆ? ಒಂದು ಮಂಡಲದ ಅಭ್ಯಾಸಕ್ಕೆ ಸಮಗ್ರ ಮಾರ್ಗದರ್ಶಿ

ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯತೀಂದ್ರರನ್ನು ನಮ್ಮ ಸೀಮೆಯವರು ತಾತಯ್ಯ ಎಂದೇ ಕರೆಯುತ್ತಾರೆ. ಯೋಗಿಯೆಂದು ಹೆಸರಾಗುವ ಮೊದಲು ಅವರು ಬಳೆಯ ಮಲಾರ ಹೊತ್ತು ಊರೂರು ತಿರುಗುತ್ತಿದ್ದ ಸಂಸಾರಸ್ಥರು. ಅವರಿಗೆ ಉಪದೇಶ ನೀಡಿದ ಪರದೇಶಿ ಸ್ವಾಮಿಗಳು ಒಂದು ಬೆಣಚುಕಲ್ಲನ್ನು ಬಾಯಲ್ಲಿಟ್ಟುಕೊಂಡು ನಾರಾಯಣ ಮಂತ್ರವನ್ನು ಜಪಿಸುವಂತೆ ಹೇಳಿ, ಆ ಕಲ್ಲು ಕಲ್ಲುಸಕ್ಕರೆಯಾದ ದಿನ ಜಪ ಕೈಗೂಡಿತೆಂದು ತಿಳಿಯಬೇಕು ಎಂದರಂತೆ. ಈ ಕಥೆಯನ್ನು ಪವಾಡವೆಂದು ನಂಬುವವರೂ ಇದ್ದಾರೆ, ಸಂಕೇತವೆಂದು ಓದುವವರೂ ಇದ್ದಾರೆ. ನನ್ನ ಮಟ್ಟಿಗೆ ಇದರಲ್ಲಿ ಮುಖ್ಯವಾದದ್ದು ತಾತಯ್ಯ ಕಲ್ಲನ್ನು ಬದಲಿಸಲಿಲ್ಲ ಎಂಬ ಸಂಗತಿ. ಸಿಹಿಯಾದದ್ದು ಮೊದಲ ದಿನ ಬಾಯಿಗಿಟ್ಟುಕೊಂಡ ಅದೇ ಕಲ್ಲು.

ಈ ಮಾರ್ಗದರ್ಶಿ ನಿಂತಿರುವುದು ಆ ನಂಬಿಕೆಯ ಮೇಲೆ. ನಿತ್ಯದ ಅನುಭವಕ್ಕೆ ಹೊರಗಿನಿಂದ ಅರ್ಥವನ್ನು ತಂದು ಅಂಟಿಸಬೇಕಾಗಿಲ್ಲ. ಮಾಡುತ್ತಿರುವ ಕೆಲಸವನ್ನೇ ಅವಸರಿಸದೆ, ದಿನವೂ ತಪ್ಪದೆ ಗಮನಿಸುತ್ತ ಹೋದರೆ, ನಾವು ಎಷ್ಟು ಜನರ, ಎಷ್ಟು ಜೀವಗಳ ಋಣದಲ್ಲಿ ಬದುಕುತ್ತಿದ್ದೇವೆ ಎಂಬುದು ಕಾಣತೊಡಗುತ್ತದೆ. ಹಾಗೆ ಕಂಡದ್ದು ನಮ್ಮ ನಡತೆಯನ್ನು ಸ್ವಲ್ಪವಾದರೂ ತಿದ್ದಿದರೆ ಅದನ್ನು ಅಧ್ಯಾತ್ಮವೆಂದು ಕರೆಯಲು ನನಗೆ ಸಂಕೋಚವಿಲ್ಲ. ದೇವರನ್ನು ನಂಬುವವರು ಈ ಅಭ್ಯಾಸವನ್ನು ದೇವರ ಹೆಸರಿನಲ್ಲಿ ಮಾಡಬಹುದು, ನಂಬದವರು ಯಾವ ಹೆಸರೂ ಇಲ್ಲದೆ ಮಾಡಬಹುದು. ಅವಧಿ ಒಂದು ಮಂಡಲ, ಅಂದರೆ 48 ದಿನ. ವ್ರತಕ್ಕೂ ಔಷಧಕ್ಕೂ ನಮ್ಮ ಹಿರಿಯರು ಇಟ್ಟುಕೊಂಡಿದ್ದ ಲೆಕ್ಕ ಅದು. ಒಂದು ರೂಢಿ ಬೇರೂರಲು ಅಷ್ಟು ಸಮಯ ಕೊಡುವುದು ನ್ಯಾಯವೇ.

ಮೊದಲ ಹೆಜ್ಜೆ: ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ

ಇಡೀ ದಿನವನ್ನೇ ಪವಿತ್ರವಾಗಿಸಲು ಹೊರಟವರು ಮೂರನೆಯ ದಿನಕ್ಕೆ ದಣಿದು ಕೈಬಿಡುತ್ತಾರೆ. ಆದ್ದರಿಂದ ಒಂದೇ ಕೆಲಸ ಸಾಕು. ಅದು ದಿನವೂ ಬರುವಂಥದ್ದಾಗಿರಬೇಕು, ಕೈಯಿಂದ ಮಾಡುವಂಥದ್ದಾದರೆ ಒಳ್ಳೆಯದು, ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಮುಗಿಯಬೇಕು, ಅದರ ಪ್ರಯೋಜನ ನಿಮ್ಮೊಬ್ಬರಿಗೇ ನಿಲ್ಲದೆ ಇನ್ನೊಬ್ಬರಿಗೂ ತಲುಪಬೇಕು. ಹಸುವಿನ ಹಾಲು ಕರೆದು ಡೈರಿಗೆ ಹಾಕಿ ಬರುವುದು, ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವುದು, ಮುದ್ದೆ ತೊಳಸುವುದು, ಅಂಗಡಿಯ ಷಟರ್ ಎತ್ತಿ ಕಸ ಗುಡಿಸುವುದು, ವಯಸ್ಸಾದ ಅಮ್ಮನಿಗೆ ಮಾತ್ರೆ ಎಣಿಸಿ ಕೊಡುವುದು, ಇವೆಲ್ಲ ಸಲ್ಲುತ್ತವೆ. ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವವರು ಆ ಪ್ರಯಾಣದ ಮೊದಲ ಇಪ್ಪತ್ತು ನಿಮಿಷವನ್ನೇ ಆರಿಸಿಕೊಳ್ಳಬಹುದು, ಆದರೆ ಆ ಹೊತ್ತಿನಲ್ಲಿ ಮೊಬೈಲ್ ಚೀಲದಲ್ಲಿರಬೇಕು.

ಎರಡು ಕೆಲಸಗಳ ನಡುವೆ ಮನಸ್ಸು ತೂಗಾಡಿದರೆ ಬೇಸರ ತರಿಸುವುದನ್ನೇ ಆರಿಸಿಕೊಳ್ಳಿ. ಈಗಾಗಲೇ ಪ್ರೀತಿಯಿಂದ ಮಾಡುವ ಕೆಲಸದಲ್ಲಿ ಅರ್ಥ ತಾನಾಗಿ ಇರುತ್ತದೆ, ಅಲ್ಲಿ ಕಲಿಯಬೇಕಾದದ್ದು ಕಡಿಮೆ.

ಎರಡನೆಯ ಹೆಜ್ಜೆ: ಕೆಲಸಕ್ಕೆ ಒಂದು ಹೊಸ್ತಿಲು ಇಡಿ

ಶಿಡ್ಲಘಟ್ಟದ ಕಡೆಯ ಯಾವುದೇ ರೇಷ್ಮೆ ಸಾಕಾಣಿಕೆ ಮನೆಗೆ ಹೋಗಿ ನೋಡಿ. ಚಪ್ಪಲಿ ಹೊರಗೆ ಬಿಡಬೇಕು, ಕೈಕಾಲು ತೊಳೆದುಕೊಂಡೇ ಒಳಗೆ ಕಾಲಿಡಬೇಕು, ಕಂಡಕಂಡವರು ಒಳಗೆ ಬರುವ ಹಾಗಿಲ್ಲ. ಹುಳುವಿಗೆ ರೋಗ ತಗುಲದಿರಲಿ ಎಂಬುದೇ ಇದಕ್ಕೆಲ್ಲ ಕಾರಣ. ಆದರೂ ತೊಳೆದ ಕೈಯಲ್ಲಿ ಸೊಪ್ಪಿನ ಕಂತೆ ಹಿಡಿದು ತಲೆಬಾಗಿಸಿ ಬಾಗಿಲು ದಾಟುವ ಹೆಂಗಸಿನ ಮುಖವನ್ನು ಗಮನಿಸಿದರೆ, ಆಕೆ ಹೊರಗಿನ ಗದ್ದಲವನ್ನೂ ಚಪ್ಪಲಿಯ ಜೊತೆಗೇ ಬಿಟ್ಟು ಬಂದಿರುವುದು ತಿಳಿಯುತ್ತದೆ. ಶುಚಿಗಾಗಿ ಹುಟ್ಟಿದ ನಿಯಮ ಮನಸ್ಸನ್ನೂ ಸಿದ್ಧಗೊಳಿಸುತ್ತದೆ.

ನಿಮ್ಮ ಕೆಲಸಕ್ಕೂ ಇಂಥದೊಂದು ಹೊಸ್ತಿಲು ಬೇಕು. ಕೈ ತೊಳೆಯುವುದು, ಒಮ್ಮೆ ನಿಧಾನವಾಗಿ ಉಸಿರೆಳೆದು ಬಿಡುವುದು, ಪಾತ್ರೆಯನ್ನೋ ಉಪಕರಣವನ್ನೋ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಇವುಗಳಲ್ಲಿ ಒಂದನ್ನು ಇಟ್ಟುಕೊಂಡು ದಿನವೂ ಅದನ್ನೇ ಮಾಡಿ. ಕೆಲಸ ಮುಗಿದಾಗಲೂ ಒಂದು ಕ್ಷಣ ನಿಂತು, ಮುಗಿಯಿತೆಂದು ಮನಸ್ಸಿನಲ್ಲಿ ಹೇಳಿಕೊಂಡು ಹೊರಡಿ.

ಮೂರನೆಯ ಹೆಜ್ಜೆ: ಮೊದಲ ವಾರ ಬರಿಯ ಗಮನ, ಯೋಚನೆ ಬೇಡ

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿ. ಕೆಲಸ ಆರಂಭಿಸಿದ ಕೂಡಲೇ ಅದರ ತತ್ವಾರ್ಥವನ್ನು ಹುಡುಕತೊಡಗುತ್ತಾರೆ, ಎಸರನ್ನು ಸಂಸಾರಕ್ಕೂ ಬೆಂಕಿಯನ್ನು ವೈರಾಗ್ಯಕ್ಕೂ ಹೋಲಿಸುತ್ತ ಕೂರುತ್ತಾರೆ, ಅಷ್ಟರಲ್ಲಿ ಹಿಟ್ಟು ತಳ ಹಿಡಿದಿರುತ್ತದೆ. ಮೊದಲ ವಾರ ಇಂದ್ರಿಯಗಳಿಗೆ ಮೀಸಲಾಗಿರಲಿ.

ಮುದ್ದೆಯನ್ನೇ ತೆಗೆದುಕೊಳ್ಳೋಣ. ಎಸರು ಮರಳುವ ಮುನ್ನ ತಳದಲ್ಲಿ ಸಣ್ಣ ಗುಳ್ಳೆಗಳು ಕಟ್ಟುತ್ತವೆ, ಆಮೇಲೆ ಸದ್ದು ಬದಲಾಗುತ್ತದೆ. ರಾಗಿ ಹಿಟ್ಟು ಸುರಿದಾಗ ಅದು ನಡುವೆ ಗುಡ್ಡೆಯಾಗಿ ನಿಲ್ಲುತ್ತದೆ, ಸುತ್ತಲಿನ ಎಸರು ಅದರ ಅಂಚನ್ನು ನಿಧಾನವಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಕೋಲಿನಿಂದ ನಡುವೆ ತೂತು ಮಾಡಿ ಬೇಯಲು ಬಿಟ್ಟರೆ ಹಸಿ ಹಿಟ್ಟಿನ ವಾಸನೆ ಹೋಗಿ ಬೆಂದ ವಾಸನೆ ಬರುವ ಒಂದು ಘಳಿಗೆ ಇದೆ. ಆ ಘಳಿಗೆಯನ್ನು ಮೂಗು ಗುರುತಿಸುತ್ತದೆ, ಗಡಿಯಾರ ಗುರುತಿಸಲಾರದು. ತೊಳಸುವಾಗ ಹೆಗಲಿಗೆ ಬೀಳುವ ಭಾರ, ಗಂಟು ಒಡೆದಾಗ ಕೋಲಿಗೆ ತಿಳಿಯುವ ಸಡಿಲ, ಹಲಗೆಯ ಮೇಲೆ ಸುರಿದು ನೀರಿಗೆ ಅದ್ದಿದ ಕೈಯಲ್ಲಿ ಉಂಡೆ ಕಟ್ಟುವಾಗ ಅಂಗೈಗೆ ತಗಲುವ ಬಿಸಿ, ಇಷ್ಟನ್ನು ಹಾಗೆಯೇ ಗಮನಿಸಿ. ಮನಸ್ಸು ನಿನ್ನೆಯ ಜಗಳಕ್ಕೋ ನಾಳೆಯ ಬಡ್ಡಿಗೋ ಓಡಿದರೆ ಬೈದುಕೊಳ್ಳದೆ ಅಂಗೈಯ ಬಿಸಿಗೆ ಮರಳಿ ತನ್ನಿ. ಒಂದು ಮುದ್ದೆಯಲ್ಲಿ ಹತ್ತು ಸಲ ಓಡಿದರೆ ಹತ್ತು ಸಲ ಮರಳಿ ತರಬೇಕು. ಅಭ್ಯಾಸವೆಂದರೆ ಆ ಮರಳಿ ತರುವುದೇ.

ನಾಲ್ಕನೆಯ ಹೆಜ್ಜೆ: ಮೂರು ಪ್ರಶ್ನೆಗಳು

ಎರಡನೆಯ ವಾರದಿಂದ, ಕೆಲಸ ಮುಗಿದ ಮೇಲೆ ನಿಲ್ಲುವ ಆ ಕ್ಷಣದಲ್ಲಿ ಒಂದೊಂದು ದಿನಕ್ಕೆ ಒಂದೊಂದರಂತೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದು ನನಗೆ ಎಲ್ಲಿಂದ ಬಂತು? ನನ್ನಿಂದ ಯಾರಿಗೆ ಹೋಗುತ್ತದೆ? ಇದನ್ನು ಮಾಡುವಾಗ ನನ್ನೊಳಗೆ ಏನು ಎದ್ದಿತು?

ಮೊದಲನೆಯದು ನೋಡಲು ಸರಳ, ಆದರೆ ಅದಕ್ಕೆ ತಳವಿಲ್ಲ. ನೀರನ್ನೇ ನೋಡಿ. ನಂದಿ ಬೆಟ್ಟ ಸಾಲಿನ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಪಾಲಾರ್ ಮುಂತಾದ ನದಿಗಳು ಹುಟ್ಟುತ್ತವೆ. ಆದರೂ ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ. ಹಿಂದಿನವರು ಕೆರೆಯ ಕೆಳಗೆ ಕೆರೆ ಕಟ್ಟಿ, ಮೇಲಿನದು ಕೋಡಿ ಬಿದ್ದರೆ ಕೆಳಗಿನದು ತುಂಬುವಂತೆ ಮಾಡಿ, ತೂಬೆತ್ತಿ ಎಲ್ಲರ ಗದ್ದೆಗೂ ಪಾಲು ಹಂಚಲು ನೀರುಗಂಟಿಯನ್ನು ನೇಮಿಸಿಕೊಂಡಿದ್ದರು. ನಮ್ಮ ಕಾಲಕ್ಕೆ ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಅಂತರ್ಜಲ ಮರುಪೂರಣಕ್ಕಾಗಿ ಕೋಲಾರದ ಕೆರೆಗಳಿಗೆ ಬರುತ್ತಿದೆ, ಆಮೇಲೆ ಹೆಬ್ಬಾಳ–ನಾಗವಾರ ಕಣಿವೆಯ ಇಂಥದೇ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೂ ಬರತೊಡಗಿತು. ಅದನ್ನು ಎರಡು ಹಂತಕ್ಕೆ ನಿಲ್ಲಿಸದೆ, ಇನ್ನಷ್ಟು ಶುದ್ಧವಾಗುವ ಮೂರನೆಯ ಹಂತದವರೆಗೂ ಸಂಸ್ಕರಿಸಿಯೇ ಹರಿಸಬೇಕೆಂಬ ನಮ್ಮ ಜನರ ಬೇಡಿಕೆ ನ್ಯಾಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಅದರ ಜೊತೆಗೇ ಇನ್ನೊಂದನ್ನೂ ಗಮನಿಸಿ: ಬೆಂಗಳೂರಿನಲ್ಲಿ ಹೆಸರೂ ತಿಳಿಯದ ಒಬ್ಬರು ಸ್ನಾನ ಮಾಡಿ ಹೊರಬಿಟ್ಟ ನೀರು ನಿಮ್ಮೂರ ಕೆರೆಯಲ್ಲಿ ನಿಂತು, ಇಂಗಿ, ಯಾರದೋ ಕೊಳವೆಬಾವಿಯಲ್ಲಿ ಮೇಲೆದ್ದು ಟೊಮೆಟೊ ತೋಟಕ್ಕೆ ಹರಿಯುತ್ತದೆ, ಆ ಟೊಮೆಟೊ ಲಾರಿ ಹತ್ತಿ ಮತ್ತೆ ಬೆಂಗಳೂರಿನ ಅಡುಗೆಮನೆ ಸೇರುತ್ತದೆ. ಬಿಂದಿಗೆ ಹಿಡಿದು ನಲ್ಲಿಯ ಮುಂದೆ ನಿಂತಾಗ ಈ ಸರಪಳಿಯನ್ನು ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಹಿಂಬಾಲಿಸಿ. ಎಲ್ಲ ಜೀವವೂ ಒಂದೇ ಎಂದು ಪ್ರವಚನದಲ್ಲಿ ಕೇಳುವ ಮಾತಿಗೆ ಇದಕ್ಕಿಂತ ಗಟ್ಟಿಯಾದ ಪುರಾವೆ ನನಗೆ ಬೇರೆ ಬೇಕಾಗಿಲ್ಲ.

ಎರಡನೆಯ ಪ್ರಶ್ನೆ ಮುಖಗಳನ್ನು ಕಣ್ಣ ಮುಂದೆ ತರುತ್ತದೆ. ಮುದ್ದೆ ಉಣ್ಣುವವರ ಮುಖ ಗೊತ್ತಿರುತ್ತದೆ, ಡೈರಿಗೆ ಹಾಕಿದ ಹಾಲು ಕುಡಿಯುವ ಮಗುವಿನ ಮುಖ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಆ ಮಗುವನ್ನು ಒಂದು ಕ್ಷಣ ನೆನೆಯಿರಿ. ಹಾಲಿಗೆ ನೀರು ಬೆರೆಸುವ ಆಸೆ ಇರುವ ಕೈಗೂ ಆ ನೆನಪು ಒಳ್ಳೆಯ ಕಾವಲು.

ಮೂರನೆಯದಕ್ಕೆ ಉತ್ತರ ಬಹಳ ಸಲ ಹಿತವಾಗಿರುವುದಿಲ್ಲ. ಸಿಟ್ಟು, ಹೊಟ್ಟೆಕಿಚ್ಚು, ಹೊಗಳಿಕೆಯ ಹಂಬಲ, ಇನ್ನಷ್ಟು ಬೇಕೆಂಬ ಆಸೆ ಇವೆಲ್ಲ ಎದ್ದು ನಿಲ್ಲುತ್ತವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮ ಕಳಿಸಿದಳು. ಕಾಯಕವೇ ಕೈಲಾಸ ಎಂಬ ಮಾತು ಬಂದಿರುವುದು ಮಾರಯ್ಯನ ವಚನದಲ್ಲಿಯೇ. ಆ ಕೈಲಾಸದ ಲೆಕ್ಕ ಇಟ್ಟವಳು ಲಕ್ಕಮ್ಮ ಎಂಬುದನ್ನು ನಾವು ಸಾಕಷ್ಟು ಸಲ ಹೇಳುವುದಿಲ್ಲ. ಕೆಲಸ ಮುಗಿದ ಮೇಲೆ ಕೈಯಲ್ಲಿ ಉಳಿದಿರುವುದು ಎಷ್ಟು, ನನಗೆ ಬೇಕಾದದ್ದು ಎಷ್ಟು ಎಂದು ಆಕೆಯ ಹಾಗೆ ನೋಡಿಕೊಳ್ಳುವುದು ಮೂರನೆಯ ಪ್ರಶ್ನೆಯ ತಿರುಳು.

ಐದನೆಯ ಹೆಜ್ಜೆ: ಬಗೆಹರಿಯದ ಪ್ರಶ್ನೆಯನ್ನು ಬಗೆಹರಿಸಲು ಧಾವಿಸಬೇಡಿ

ಮೂರನೆಯ ವಾರದ ಹೊತ್ತಿಗೆ, ಪ್ರಾಮಾಣಿಕವಾಗಿ ನಡೆದುಬಂದವರಿಗೆ, ಕೆಲಸದೊಳಗೆ ಒಂದು ಮುಳ್ಳು ತಗಲುತ್ತದೆ. ನಮ್ಮ ಭಾಗದಲ್ಲಿ ಅದರ ಅತ್ಯಂತ ಸ್ಪಷ್ಟ ಉದಾಹರಣೆ ರೇಷ್ಮೆ. ಹುಳು ನಾಲ್ಕು ಜ್ವರ ದಾಟುತ್ತದೆ. ಪ್ರತಿ ಜ್ವರದಲ್ಲೂ ಮೇವು ನಿಲ್ಲಿಸಿ, ತಲೆಯೆತ್ತಿ, ಅಲುಗದೆ ಕೂತು, ಹಳೆಯ ಚರ್ಮ ಕಳಚಿ ಏಳುತ್ತದೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ, ಹುಳುವಾಗಿರುವ ಅವಧಿಯಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಅದು ಏಳೆಂಟು ದಿನಗಳಲ್ಲಿ ತಿಂದು ಮುಗಿಸುತ್ತದೆ. ಆ ದಿನಗಳಲ್ಲಿ ಮನೆಯವರಿಗೆ ನಿದ್ದೆ ಅರೆಬರೆ. ನಡುರಾತ್ರಿ ಎದ್ದು ಸೊಪ್ಪು ಹಾಕಿ, ಲೈಟು ಆರಿಸಿ, ಬಾಗಿಲಲ್ಲಿ ಒಂದು ಕ್ಷಣ ನಿಂತರೆ ಸಾವಿರಾರು ಬಾಯಿಗಳು ಎಲೆ ಮೇಯುವ ಸದ್ದು ಕತ್ತಲಲ್ಲಿ ಒಂದೇ ಸಮನೆ ಕೇಳುತ್ತಿರುತ್ತದೆ. ಮುಂದೆ ಹುಳು ಹಣ್ಣಾಗಿ, ಮೈ ತುಸು ಪಾರದರ್ಶಕವಾಗಿ, ಗೂಡು ಕಟ್ಟಲೆಂದು ಇಟ್ಟ ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಏರಿ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿಕೊಳ್ಳುತ್ತದೆ. ಮಗುವಿನಂತೆ ನೋಡಿಕೊಂಡ ಆ ಜೀವ ಕೊನೆಗೆ ಬಿಸಿಯಲ್ಲಿ ಸಾಯುತ್ತದೆ, ಏಕೆಂದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬಂದರೆ ಎಳೆ ಅಖಂಡವಾಗಿ ಬಿಚ್ಚುವುದಿಲ್ಲ.

ಇದರಲ್ಲಿ ಅಧ್ಯಾತ್ಮ ಎಲ್ಲಿದೆ ಎಂದು ಕೇಳಿದರೆ, ಸಿದ್ಧ ಉತ್ತರಗಳು ಎರಡು ಕಡೆಯಿಂದಲೂ ಬರುತ್ತವೆ. ಹುಳು ಲೋಕಕ್ಕಾಗಿ ತ್ಯಾಗ ಮಾಡಿತು ಎನ್ನುವುದು ಒಂದು. ಆದರೆ ಹುಳುವನ್ನು ಯಾರೂ ಕೇಳಲಿಲ್ಲವಾದ್ದರಿಂದ ಅದು ತ್ಯಾಗವಾಗಲಾರದು. ರೇಷ್ಮೆ ಬೆಳೆಯುವವರೆಲ್ಲ ಪಾಪಿಗಳು ಎನ್ನುವುದು ಇನ್ನೊಂದು. ಎರಡು ಎಕರೆ ಹಿಪ್ಪುನೇರಳೆಯಲ್ಲಿ ಮಕ್ಕಳನ್ನು ಓದಿಸಿದ ತಾಯಿಯ ಮುಖ ನೋಡಿ ಆ ಮಾತು ಆಡಲು ನನಗೆ ಬಾಯಿ ಬರುವುದಿಲ್ಲ. ಇಂಥ ಕಡೆ ಮಾಡಬೇಕಾದದ್ದು ಒಂದೇ: ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಇಟ್ಟುಕೊಂಡು, ನನ್ನ ಬದುಕು ಇನ್ನೊಂದು ಜೀವದ ಬೆಲೆಯಲ್ಲಿ ನಡೆಯುತ್ತಿದೆ ಎಂಬ ಅರಿವನ್ನು ಮರೆಯದೆ ಕೆಲಸ ಮಾಡುವುದು. ಆ ಅರಿವಿದ್ದವರು ಸೊಪ್ಪನ್ನು ಹಾಳುಮಾಡುವುದಿಲ್ಲ, ಹುಳುವನ್ನು ಹಸಿವಿನಲ್ಲಿಡುವುದಿಲ್ಲ, ರೇಷ್ಮೆ ಸೀರೆಯನ್ನು ಒಂದು ಸಲ ಉಟ್ಟು ಬಿಸಾಡುವುದಿಲ್ಲ. ಕೆಲವರು ಮುಂದೊಂದು ದಿನ ಆ ಕಸುಬನ್ನೇ ಬಿಡಬಹುದು, ಕೆಲವರು ಮುಂದುವರಿಸಬಹುದು. ಇಬ್ಬರದೂ ನೋವಿನಿಂದ ಹುಟ್ಟಿದ ನಿರ್ಧಾರವಾಗಿದ್ದರೆ ಇಬ್ಬರನ್ನೂ ಗೌರವಿಸಬೇಕು. ನಿಮ್ಮ ಕಸುಬಿನಲ್ಲಿ ಈ ಮುಳ್ಳು ಬೇರೆಯದಿರುತ್ತದೆ. ತೂಕದ ಮಾತಿರಬಹುದು, ಕೂಲಿಯ ಮಾತಿರಬಹುದು, ಮೇಲಧಿಕಾರಿಗೆ ಹೇಳುವ ಸುಳ್ಳಿರಬಹುದು. ಅದು ತಗಲಿದ ದಿನ ಅಭ್ಯಾಸ ಕೆಟ್ಟಿತೆಂದು ತಿಳಿಯಬೇಡಿ.

ಆರನೆಯ ಹೆಜ್ಜೆ: ರಾತ್ರಿ ಮೂರು ಸಾಲು

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಮಲಗುವ ಮುನ್ನ ಮೂರೇ ಸಾಲು ಬರೆಯಿರಿ. ನಡೆದದ್ದನ್ನು ಬರೆಯಿರಿ, ತೀರ್ಮಾನವನ್ನು ಬಿಡಿ. "ಇಂದು ಕೃತಜ್ಞತೆ ಮೂಡಿತು" ಎಂಬ ಸಾಲಿಗಿಂತ "ಹಾಲಿನ ಕ್ಯಾನು ಎತ್ತಲು ಪಕ್ಕದ ಮನೆಯ ಹುಡುಗ ಕೈ ಕೊಟ್ಟ, ನಾನು ಅವನ ಹೆಸರು ಕೇಳಿರಲಿಲ್ಲ" ಎಂಬ ಸಾಲು ಮುಂದೆ ನಿಮಗೆ ಹೆಚ್ಚು ಕಲಿಸುತ್ತದೆ. ಇದನ್ನು ಯಾರಿಗೂ ತೋರಿಸಬೇಡಿ, ಸ್ಟೇಟಸ್‌ಗೆ ಹಾಕಲೇಬೇಡಿ.

ಏಳನೆಯ ಹೆಜ್ಜೆ: ಕಂಡದ್ದನ್ನು ಕೈಗೆ ಇಳಿಸಿ

ತುಮಕೂರಿನ ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗಾ ಮಠದಲ್ಲಿ ಅನ್ನ, ಅಕ್ಷರ, ಆಶ್ರಯ ಎಂಬ ಮೂರು ದಾಸೋಹಗಳು ಇಂದಿಗೂ ನಡೆಯುತ್ತಿವೆ. ಅವುಗಳನ್ನು ದಶಕಗಳ ಕಾಲ ನಡೆಸಿದ ಡಾ. ಶ್ರೀ ಶಿವಕುಮಾರ ಸ್ವಾಮೀಜಿಯವರು 1907ರ ಏಪ್ರಿಲ್ 1ರಂದು ಜನಿಸಿ 2019ರ ಜನವರಿ 21ರಂದು ಲಿಂಗೈಕ್ಯರಾದರು. ತಮ್ಮ ನಿಧನದ ಸುದ್ದಿಯನ್ನು ಮಕ್ಕಳ ಊಟವಾದ ಮೇಲೆಯೇ ಪ್ರಕಟಿಸಬೇಕೆಂಬುದು ಅವರ ಇಚ್ಛೆಯಾಗಿತ್ತು, ಅಂದು ಮಧ್ಯಾಹ್ನ ಮಕ್ಕಳು ಉಂಡ ಬಳಿಕವೇ ಅದು ಹೊರಬಿತ್ತು. ಸುದ್ದಿ ತಿಳಿದ ಮಕ್ಕಳು ತಟ್ಟೆ ಮುಟ್ಟುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಸಾವಿನಂಥ ದೊಡ್ಡ ಸಂಗತಿಯನ್ನು ಮಧ್ಯಾಹ್ನದ ಒಂದು ಊಟದ ಹಿಂದೆ ನಿಲ್ಲಿಸಿದ ಆ ಕ್ರಮದ ಬಗ್ಗೆ ನಾನು ಯೋಚಿಸಿದಷ್ಟೂ ಅದು ಬೆಳೆಯುತ್ತಲೇ ಹೋಗುತ್ತದೆ.

ನಾಲ್ಕನೆಯ ವಾರದಿಂದ ನಿಮ್ಮ ಟಿಪ್ಪಣಿಗಳನ್ನು ಹಿಂದಕ್ಕೆ ಓದಿ, ಅವುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಒಬ್ಬ ವ್ಯಕ್ತಿಯನ್ನು ಗುರುತಿಸಿಕೊಳ್ಳಿ. ಆ ವಾರ ಅವರಿಗಾಗಿ ಒಂದು ಸಣ್ಣ ಕೆಲಸ ಮಾಡಿ. ಪೌರಕಾರ್ಮಿಕರಿಗೆ ಹಸಿ ಕಸ, ಒಣ ಕಸ ಬೇರ್ಪಡಿಸಿ ಕೊಡುವುದು, ತೋಟದ ಕೂಲಿಯವರಿಗೆ ಕೂಲಿಯನ್ನು ಅಂದಂದೇ ಕೊಡುವುದು, ಹೆಸರು ಗೊತ್ತಿಲ್ಲದವರ ಹೆಸರು ಕೇಳಿ ನೆನಪಿಟ್ಟುಕೊಳ್ಳುವುದು ಸಾಕು. ರಾಗಿ ಕಣದಲ್ಲಿ ರಾಶಿ ಪೂಜೆಯಾದ ಮೇಲೆ ಕಣಕ್ಕೆ ಬಂದವರಿಗೆ ಮೊರದಲ್ಲಿ ರಾಗಿ ಹಾಕಿ ಆಮೇಲೆ ಮನೆಗೆ ಸಾಗಿಸುತ್ತಿದ್ದ ಪದ್ಧತಿಯಲ್ಲಿ ಪೂಜೆ ಎಲ್ಲಿ ಮುಗಿಯಿತು, ಹಂಚಿಕೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಬರುತ್ತಿರಲಿಲ್ಲ.

ಎಚ್ಚರ ವಹಿಸಬೇಕಾದ ಕಡೆಗಳು

ಅಡುಗೆಯೇ ಪೂಜೆ ಎಂಬ ಮಾತನ್ನು ಅಡುಗೆ ಮಾಡುವವರು ತಾವಾಗಿ ಹೇಳಿಕೊಳ್ಳಬಹುದು, ಜಗಲಿಯ ಮೇಲೆ ಕಾಲು ಚಾಚಿ ಕೂತವರು ಹೇಳಬಾರದು. ಮನೆಯ ಹೆಂಗಸರ ದುಡಿಮೆಯನ್ನು ಪವಿತ್ರವೆಂದು ಹೊಗಳಿ ಹಾಗೆಯೇ ಮುಂದುವರಿಸುವುದು ಅಧ್ಯಾತ್ಮದ ಹೆಸರಿನ ಅನ್ಯಾಯ. ಗಂಡಸರು ಈ ಅಭ್ಯಾಸ ಆರಂಭಿಸುವುದಾದರೆ ಮನೆಯಲ್ಲಿ ತಾವು ಈವರೆಗೆ ಮುಟ್ಟದ ಕೆಲಸವನ್ನೇ ಆರಿಸಿಕೊಳ್ಳಲಿ, 48 ದಿನವೂ ಅದು ಅವರದೇ ಹೊಣೆಯಾಗಿರಲಿ. ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವಂಥ, ಕಾನೂನೇ ನಿಷೇಧಿಸಿರುವ ಕೆಲಸಕ್ಕೆ ಕಾಯಕದ ಹೆಸರು ಕೊಡುವುದನ್ನಂತೂ ಯಾವ ಶರಣರೂ ಒಪ್ಪುತ್ತಿರಲಿಲ್ಲ.

ಇನ್ನೊಬ್ಬರ ದುಃಖಕ್ಕೆ ಅರ್ಥ ಹೇಳಲು ಹೋಗಬೇಡಿ. ಮಗನನ್ನು ಕಳೆದುಕೊಂಡವರ ಮನೆಯಲ್ಲಿ ಇದರ ಹಿಂದೆ ದೈವಸಂಕಲ್ಪವಿದೆ ಎನ್ನುವುದಕ್ಕಿಂತ ಚಾಪೆ ಹಾಸಿ, ನೀರು ತಂದುಕೊಟ್ಟು, ಸುಮ್ಮನೆ ಜೊತೆಯಲ್ಲಿ ಕೂರುವುದು ಮೇಲು. ನಿಮ್ಮ ದುಃಖಕ್ಕೂ ಅರ್ಥ ಸಿಗಲೇಬೇಕೆಂಬ ಹಟ ಬೇಡ. ಹಲ್ಲಿ ನುಡಿದದ್ದು, ಬೆಕ್ಕು ಅಡ್ಡ ಬಂದದ್ದು ಇವುಗಳಲ್ಲಿ ಸೂಚನೆ ಹುಡುಕುವುದಕ್ಕೂ ಈ ಅಭ್ಯಾಸಕ್ಕೂ ಸಂಬಂಧವಿಲ್ಲ.

ಯಾವ ಕೆಲಸದಲ್ಲೂ ರುಚಿಯಿಲ್ಲದೆ, ನಿದ್ದೆ ಊಟ ಕೆಟ್ಟು, ಬದುಕೇ ಬೇಡವೆನಿಸುವ ಸ್ಥಿತಿ ವಾರಗಟ್ಟಲೆ ಉಳಿದರೆ ಅದನ್ನು ವೈರಾಗ್ಯವೆಂದು ಭಾವಿಸಬೇಡಿ. ಅದು ಚಿಕಿತ್ಸೆಗೆ ಬಗ್ಗುವ ಕಾಯಿಲೆಯಾಗಿರಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡಬಹುದು, ಕರೆಗೆ ಶುಲ್ಕವಿಲ್ಲ.

ಮಂಡಲ ಮುಗಿದ ಮೇಲೆ

ಕೊನೆಯ ದಿನ ನೋಟ್‌ಬುಕ್ಕನ್ನು ಮೊದಲಿಂದ ಓದಿ. ಅದರಲ್ಲಿ ಹುಡುಕಬೇಕಾದದ್ದು ಆನಂದದ ಅನುಭವಗಳನ್ನಲ್ಲ. ಸಿಟ್ಟು ಬಂದದ್ದಕ್ಕೂ ಬಾಯಿ ತೆರೆದದ್ದಕ್ಕೂ ನಡುವಿನ ಅಂತರ ಸ್ವಲ್ಪ ಹೆಚ್ಚಿದೆಯೇ, ವ್ಯರ್ಥವಾಗುವ ಅನ್ನ, ನೀರು ಕಡಿಮೆಯಾಗಿದೆಯೇ, ಮೊದಲ ದಿನ ಗೊತ್ತಿರದ ಎಷ್ಟು ಜನರ ಹೆಸರು ಈಗ ಗೊತ್ತಿದೆ ಎಂದು ನೋಡಿ. ಇನ್ನೂ ಒಳ್ಳೆಯ ಪರೀಕ್ಷೆಯೆಂದರೆ ಮನೆಯವರನ್ನು ಕೇಳುವುದು. ಅವರು ಏನೂ ಬದಲಾಗಿಲ್ಲ ಎಂದರೆ ಅವರ ಮಾತನ್ನೇ ನಂಬಿ, ಅದೇ ಕೆಲಸವನ್ನು ಇನ್ನೊಂದು ಮಂಡಲ ಮುಂದುವರಿಸಿ. ಬದಲಾವಣೆ ಕಂಡಿದ್ದರೆ ಎರಡನೆಯ ಕೆಲಸವನ್ನು ಸೇರಿಸಿಕೊಳ್ಳಬಹುದು, ಮೊದಲನೆಯದನ್ನು ಮಾತ್ರ ಬಿಡಬೇಡಿ.

ನಡುವೆ ದಿನ ತಪ್ಪಿದರೆ ಎಣಿಕೆಯನ್ನು ಮತ್ತೆ ಒಂದರಿಂದ ಶುರುಮಾಡುವ ಅಗತ್ಯವಿಲ್ಲ. ತಪ್ಪಿದ ದಿನದ ಪುಟವನ್ನು ಖಾಲಿ ಬಿಟ್ಟು, ಮರುದಿನ ಅದೇ ಹೊತ್ತಿಗೆ ಕೈ ತೊಳೆದುಕೊಂಡು ಕೆಲಸಕ್ಕೆ ನಿಲ್ಲಿ.